ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು: ಶೂಟರ್ ಗೇಮ್‌ಗಳ ನಂಬಲಾಗದ ನಿರೂಪಕರು

ಕಾದಂಬರಿಯ ನಿರೂಪಕ ಸುಳ್ಳು ಹೇಳಿದರೆ ಓದುಗ ಅದನ್ನು ನಂಬುತ್ತಾನೆ. ಮುಂದೆಲ್ಲೋ ಅನುಮಾನ ಬಂದಾಗ ಪುಟಗಳನ್ನು ಹಿಂದಕ್ಕೆ ಮಗುಚಿ, ಎಲ್ಲಿ ಮೋಸಹೋದೆನೆಂದು ಹುಡುಕುತ್ತಾನೆ. ಶೂಟರ್ ಗೇಮ್ ಆಡುವವನಿಗೆ ಅಷ್ಟು ಬಿಡುವಿರುವುದಿಲ್ಲ. ಪರದೆಯ ಮೇಲೆ ಶತ್ರುವಿನಂತೆ ಕಂಡವನನ್ನು ಶತ್ರುವೆಂದು ನಂಬಿದ ಅರೆಕ್ಷಣದಲ್ಲೇ ಅವನ ಬೆರಳು ಗುಂಡು ಹಾರಿಸಿ ಮುಗಿಸಿರುತ್ತದೆ. ಆಮೇಲೆ ಆ ದೃಶ್ಯವೇ ಸುಳ್ಳೆಂದು ತಿಳಿದುಬಂದರೆ, ನಂಬಿದ್ದರ ಜೊತೆಗೆ ಮಾಡಿದ್ದೂ ಅವನ ಲೆಕ್ಕಕ್ಕೆ ಸೇರುತ್ತದೆ. ನಂಬಲಾಗದ ನಿರೂಪಕನನ್ನು ಬಳಸಿದ ಶೂಟರ್ ಗೇಮ್‌ಗಳ ಪೈಕಿ ನನಗೆ ಬಹಳ ಮುಖ್ಯವೆನಿಸಿದ ಮೂರನ್ನು, ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು, ಇಲ್ಲಿ ವಿವರವಾಗಿ ನೋಡುತ್ತೇನೆ. ಮೂರರ ಕಥೆಯ ಗುಟ್ಟುಗಳೂ ಮುಂದೆ ಬಯಲಾಗುತ್ತವೆ. ಇನ್ನೂ ಆಡದವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಈ ತಂತ್ರ ಶೂಟರ್ ಗೇಮ್‌ಗಳಲ್ಲಿ ಇಷ್ಟು ಆಳವಾಗಿ ನಾಟಲು ಆ ಆಟಗಳೇ ನಮ್ಮಲ್ಲಿ ಬೆಳೆಸಿರುವ ನಂಬಿಕೆ ಕಾರಣ. 1998ರಲ್ಲಿ ವಾಲ್ವ್ ಸಂಸ್ಥೆಯ 'ಹಾಫ್-ಲೈಫ್' ಬಂದಾಗ, ಕಥೆಯನ್ನು ನಡುನಡುವೆ ನಿಲ್ಲಿಸಿ ಸಿನಿಮಾ ತುಣುಕುಗಳನ್ನು ತೋರಿಸುವ ರೂಢಿಯನ್ನು ಅದು ಕೈಬಿಟ್ಟಿತು. ಮೊದಲ ರೈಲು ಪ್ರಯಾಣದಿಂದ ಕೊನೆಯ ದೃಶ್ಯದವರೆಗೂ ನಾವು ಗಾರ್ಡನ್ ಫ್ರೀಮನ್‌ನ ಕಣ್ಣುಗಳ ಹಿಂದೆಯೇ ಇರುತ್ತೇವೆ. ಅವನಿಗೆ ಕಂಡದ್ದೇ ನಮಗೂ ಕಾಣುತ್ತದೆ. ಆಮೇಲಿನ ಎಷ್ಟೋ ಆಟಗಳು ಅದೇ ಜಾಡು ಹಿಡಿದವು. ಇದರ ಜೊತೆಗೆ ಪರದೆಯ ಅಂಚಿನಲ್ಲಿ ಇನ್ನೊಬ್ಬ ನಿರೂಪಕನೂ ಇರುತ್ತಾನೆ. 'ಆ ಕಟ್ಟಡವನ್ನು ತಲುಪು', 'ಇವನನ್ನು ಹಿಂಬಾಲಿಸು' ಎನ್ನುವ ಸೂಚನೆಗಳು, ದಾರಿ ತೋರಿಸುವ ಗುರುತುಗಳು, ಶತ್ರುವಿನ ಮೇಲೆ ಹಾಯ್ದಾಗ ಕೆಂಪಾಗಿ ಮಿತ್ರನ ಮೇಲೆ ಹಾಯ್ದಾಗ ಹಸಿರಾಗುವ ಕ್ರಾಸ್‌ಹೇರ್ ಎಂಬ ಗುರಿಯ ಗುರುತು ಎಲ್ಲವೂ ಅವನ ಮಾತುಗಳೇ. ಕಥೆಯಲ್ಲಿ ಬರುವ ಪಾತ್ರಗಳ ಮೇಲೆ ಅನುಮಾನಪಡುವ ಆಟಗಾರ ಕೂಡ ಈ ಅಂಚಿನ ನಿರೂಪಕನನ್ನು ಅನುಮಾನಿಸುವುದಿಲ್ಲ, ಏಕೆಂದರೆ ಅವನನ್ನು ಅನುಮಾನಿಸಿದರೆ ಆಟವನ್ನು ಆಡುವುದೇ ಸಾಧ್ಯವಿಲ್ಲ. ಮೋಸಕ್ಕೆ ಇದಕ್ಕಿಂತ ಹದವಾದ ನೆಲ ಸಿಗಲಾರದು.

ಇಲ್ಲೊಂದು ಭೇದವನ್ನು ಸ್ಪಷ್ಟಪಡಿಸಬೇಕು. ಸುಳ್ಳು ಹೇಳುವ ಪಾತ್ರವಿದ್ದ ಮಾತ್ರಕ್ಕೆ ನಿರೂಪಣೆ ಸುಳ್ಳಾಗುವುದಿಲ್ಲ. 2007ರ 'ಬಯೋಶಾಕ್'ನಲ್ಲಿ ರೇಡಿಯೊ ಮೂಲಕ ದಾರಿ ತೋರಿಸುವ ಅಟ್ಲಾಸ್ ಹೇಳುವುದೆಲ್ಲ ವಂಚನೆ. ಅವನ 'ದಯವಿಟ್ಟು' ಎಂಬ ಸಭ್ಯ ಮಾತೇ ನಾಯಕ ಜಾಕ್‌ನನ್ನು ಕುಣಿಸುವ ದಾರವೆಂದು ಬಹಳ ತಡವಾಗಿ ಗೊತ್ತಾಗುತ್ತದೆ. ಆದರೆ ರ್‍ಯಾಪ್ಚರ್ ಎಂಬ ಆ ಕಡಲಾಳದ ನಗರದಲ್ಲಿ ಜಾಕ್‌ನ ಕಣ್ಣಿಗೆ ಬಿದ್ದ ಬೀದಿಗಳು, ಹೆಣಗಳು, ಬಿರುಕುಬಿಟ್ಟ ಗಾಜುಗಳು ನಿಜವಾಗಿಯೂ ಅಲ್ಲಿದ್ದವು. ಮೊದಲ ದೃಶ್ಯದಲ್ಲಿ ವಿಮಾನದೊಳಗೆ ಪರದೆ ಕಪ್ಪಾಗುತ್ತದಲ್ಲ, ಆ ಕತ್ತಲಿನಲ್ಲಿ ನಡೆದದ್ದನ್ನು ಮಾತ್ರ ಆಟ ನಮ್ಮಿಂದ ಮುಚ್ಚಿಡುತ್ತದೆ. ಅದು ಮುಚ್ಚಿಟ್ಟ ಕಥೆ. ನಾನು ಹೇಳಹೊರಟಿರುವುದು ಕಣ್ಣೆದುರು ತೋರಿಸಿದ್ದೇ ಸುಳ್ಳಾದ ಕಥೆಗಳ ಬಗ್ಗೆ.

ಪೋಲೆಂಡಿನ ಟೆಕ್‌ಲ್ಯಾಂಡ್ ಸಂಸ್ಥೆ 2013ರಲ್ಲಿ ಹೊರತಂದ 'ಕಾಲ್ ಆಫ್ ಹ್ವಾರೆಸ್: ಗನ್‌ಸ್ಲಿಂಗರ್' ಇವುಗಳಲ್ಲಿ ಅತ್ಯಂತ ತೆರೆದ ಮನಸ್ಸಿನ ಆಟ. 1910ರಲ್ಲಿ, ಅಮೆರಿಕದ ಕಾನ್ಸಸ್ ರಾಜ್ಯದ ಅಬಿಲೀನ್ ಊರಿನ ಸಲೂನಿಗೆ, ಅಂದರೆ ಮದ್ಯದಂಗಡಿಗೆ, ಸೈಲಸ್ ಗ್ರೀವ್ಸ್ ಎಂಬ ಮುದುಕ ಬರುತ್ತಾನೆ. ತಲೆಗೆ ಬೆಲೆ ಕಟ್ಟಿದ ಅಪರಾಧಿಗಳನ್ನು ಬೇಟೆಯಾಡುವುದು ಅವನ ಕಸುಬಾಗಿತ್ತು. ಅವನ ಸಾಹಸಗಳನ್ನು ಹತ್ತು ಸೆಂಟಿನ ಅಗ್ಗದ ಪುಸ್ತಕಗಳಲ್ಲಿ ಓದಿ ಬಲ್ಲವರು ಅವನಿಗೆ ಕುಡಿಯಲು ಕೊಡಿಸಿ ಕಥೆ ಹೇಳಿಸುತ್ತಾರೆ. ಬಿಲ್ಲಿ ದಿ ಕಿಡ್, ಜೆಸ್ಸಿ ಜೇಮ್ಸ್, ಬುಚ್ ಕ್ಯಾಸಿಡಿ ಹೀಗೆ ಆ ಕಾಲದ ಹೆಸರಾಂತ ಡಕಾಯಿತರೆಲ್ಲರೂ ಇವನ ಬಂದೂಕಿಗೆ ಎದುರಾದವರೇ! ಅವನು ಹೇಳುತ್ತಾ ಹೋದಂತೆ ನಾವು ಆಡುತ್ತಾ ಹೋಗುತ್ತೇವೆ, ಮತ್ತು ಅವನ ಮಾತು ಬದಲಾದರೆ ನಮ್ಮ ಸುತ್ತಲಿನ ಜಗತ್ತೂ ಬದಲಾಗುತ್ತದೆ. ದಾರಿಯೇ ಇಲ್ಲದ ಜಾಗದಲ್ಲಿ ಸಿಕ್ಕಿಕೊಂಡಾಗ ಮುದುಕನಿಗೆ ಏಣಿಯೊಂದು ನೆನಪಾಗುತ್ತದೆ, ಕೂಡಲೇ ನಮ್ಮೆದುರು ಏಣಿ ಬಂದು ನಿಲ್ಲುತ್ತದೆ. 'ಹಾಗೂ ಮಾಡಬಹುದಿತ್ತು, ಆದರೆ ನಾನು ಮಾಡಲಿಲ್ಲ' ಎಂದು ಅವನು ರಾಗ ಎಳೆದರೆ, ಅಲ್ಲಿಯವರೆಗೆ ನಡೆದದ್ದೆಲ್ಲ ಹಿಂದಕ್ಕೆ ಸುತ್ತಿಕೊಂಡು ಹೊಸದಾಗಿ ಶುರುವಾಗುತ್ತದೆ.

ಇದನ್ನು ಬರೀ ತಮಾಷೆಯ ತಂತ್ರವೆಂದು ತಳ್ಳಿಹಾಕುವವರಿಗೆ ಒಂದು ದೃಶ್ಯವನ್ನು ತೋರಿಸಬೇಕೆನಿಸುತ್ತದೆ. ಒಂದು ಹಂತದಲ್ಲಿ ಸೈಲಸ್‌ನ ಮೇಲೆ ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಯೋಧರು ಎರಗುತ್ತಾರೆ. ನಾವು ಯೋಚಿಸದೆ ಗುಂಡು ಹಾರಿಸುತ್ತೇವೆ. ಅಷ್ಟರಲ್ಲಿ ಸಲೂನಿನ ಕೇಳುಗರು ತಡೆದು, ಅಪಾಚೆಗಳು ಇಲ್ಲಿಗೆ ಹೇಗೆ ಬಂದರೆಂದು ಕೇಳುತ್ತಾರೆ. ಅವರು ಅಪಾಚೆಗಳಂತೆ ಮೇಲೆ ಬಿದ್ದರು ಎಂದಷ್ಟೇ ತಾನು ಹೇಳಿದ್ದು ಎಂದು ಮುದುಕ ತಿದ್ದುತ್ತಾನೆ. ಮರುಕ್ಷಣ ಅದೇ ಬಂಡೆಗಳ ಮರೆಯಲ್ಲಿ ಅಪಾಚೆಗಳ ಬದಲು ಬಿಳಿಯ ಡಕಾಯಿತರು ನಿಂತಿರುತ್ತಾರೆ. ಈ ದೃಶ್ಯ ನನಗೆ ಮೊದಲ ಸಲ ನಗು ತರಿಸಿತ್ತು. ಎರಡನೆಯ ಸಲ ಆಡುವಾಗ ನಗು ಬರಲಿಲ್ಲ. ಒಂದು ಉಪಮೆಯನ್ನು ತಪ್ಪಾಗಿ ಕೇಳಿಸಿಕೊಂಡದ್ದರಿಂದ ಒಂದು ಇಡೀ ಜನಾಂಗ ಶತ್ರುವಿನ ಜಾಗಕ್ಕೆ ಬಂದು ನಿಂತಿತ್ತು, ಮತ್ತು ನಾನು ಅದನ್ನು ಸಹಜವೆಂದೇ ಸ್ವೀಕರಿಸಿದ್ದೆ. ಪಶ್ಚಿಮ ಅಮೆರಿಕದ ಸಾಹಸ ಕಥೆಗಳು ದಶಕಗಳ ಕಾಲ ಮಾಡಿಕೊಂಡು ಬಂದದ್ದೂ ಇದನ್ನೇ. ಅದರ ಬಗ್ಗೆ ಆಟ ಭಾಷಣ ಮಾಡುವುದಿಲ್ಲ. ನಮ್ಮ ಬೆರಳಿನ ಆತುರವನ್ನೇ ಸಾಕ್ಷಿಯಾಗಿ ಮುಂದಿಡುತ್ತದೆ.

ಹಾದಿಯುದ್ದಕ್ಕೂ 'ಸತ್ಯದ ತುಣುಕುಗಳು' ಎಂಬ ಅರ್ಥದ ಹೆಸರಿನಲ್ಲಿ ಹುಡುಕಿ ಆರಿಸಿಕೊಳ್ಳಬೇಕಾದ ವಸ್ತುಗಳೂ ಇವೆ. ಆ ಡಕಾಯಿತರ, ಆ ಊರುಗಳ ನಿಜವಾದ ಇತಿಹಾಸವನ್ನು ಅವು ಹೇಳುತ್ತವೆ. ಹೀಗಾಗಿ ಮುದುಕನ ಸುಳ್ಳಿನ ಪಕ್ಕದಲ್ಲೇ ಇತಿಹಾಸವೂ ಇರುತ್ತದೆ, ಬೇಕಾದವರು ಹೋಲಿಸಿಕೊಳ್ಳಬಹುದು. ಕೊನೆಗೆ ತಿಳಿಯುವುದೇನೆಂದರೆ, ಅವನು ಈ ಕಥೆಯನ್ನೆಲ್ಲ ಹೇಳಿದ್ದು ಒಬ್ಬನೇ ಕೇಳುಗನಿಗಾಗಿ. ಮದ್ಯ ಸುರಿದು ಕೊಡುತ್ತಿದ್ದ ಬೆನ್ ಎಂಬವನೇ, ಬಹಳ ವರ್ಷಗಳ ಹಿಂದೆ ಸೈಲಸ್‌ನ ಅಣ್ಣತಮ್ಮಂದಿರನ್ನು ನೇಣಿಗೆ ಹಾಕಿದ ಬಾಬ್ ಬ್ರಯಾಂಟ್. ಉತ್ಪ್ರೇಕ್ಷೆಗಳ ನಡುವೆ ಇದೊಂದು ಮಾತ್ರ ನಿಜವಾಗಿ ಉಳಿಯುತ್ತದೆ, ಸೇಡೋ ಕ್ಷಮೆಯೋ ಎಂಬ ಆಯ್ಕೆಯೂ ಇಲ್ಲೇ ಬರುತ್ತದೆ. ಅಲ್ಲಿಯವರೆಗೆ ಕಥೆಯ ದಿಕ್ಕು ಮುದುಕನ ಬಾಯಲ್ಲಿತ್ತು. ಕಥೆ ವರ್ತಮಾನಕ್ಕೆ ಬಂದು ನಿಂತ ಮೇಲಷ್ಟೇ ನಿರ್ಧಾರ ನಮ್ಮ ಕೈಗೆ ಬರುತ್ತದೆ. ನಡೆದುಹೋದದ್ದನ್ನು ಹೇಗೆ ಬೇಕಾದರೂ ಹೇಳಬಹುದು, ನಡೆಯಬೇಕಾದದ್ದನ್ನು ಮಾತ್ರ ಮಾಡಲೇಬೇಕು ಎಂಬ ಈ ಏರ್ಪಾಟು ನನಗೆ ತುಂಬ ಇಷ್ಟ.

ಟ್ರೆಯಾರ್ಕ್ ಸಂಸ್ಥೆಯ 'ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್' 2010ರ ನವೆಂಬರ್‌ನಲ್ಲಿ ಬಂತು. ಇದರ ನಿರೂಪಕ ಅಲೆಕ್ಸ್ ಮೇಸನ್‌ಗೆ ತಾನು ಸುಳ್ಳು ಹೇಳುತ್ತಿರುವುದೇ ಗೊತ್ತಿಲ್ಲ. 1968ರ ಫೆಬ್ರವರಿಯಲ್ಲಿ ಅವನನ್ನು ಕುರ್ಚಿಗೆ ಕಟ್ಟಿಹಾಕಿ, ಕಾಣದ ಧ್ವನಿಯೊಂದು ಪ್ರಶ್ನೆ ಕೇಳುತ್ತಿದೆ. ನಾವು ಆಡುವುದೆಲ್ಲ ಅವನು ನೆನಪಿಸಿಕೊಂಡು ಕೊಡುವ ಉತ್ತರ. ಆಟದ ಮುಖ್ಯ ಮೆನು ಕೂಡ ಆ ವಿಚಾರಣೆಯ ಕೋಣೆಯೇ ಆಗಿದೆ: ಕೆಳಗೆ ನೋಡಿದರೆ ಕಟ್ಟಿದ ಕೈಗಳು ಕಾಣುತ್ತವೆ, ಗುಂಡಿಗಳನ್ನು ಬಿಡದೆ ಒತ್ತುತ್ತಿದ್ದರೆ ಕಟ್ಟು ಬಿಚ್ಚಿಕೊಂಡು ಎದ್ದು ಓಡಾಡಬಹುದು. ಕಥೆ ಶುರುವಾಗುವ ಮೊದಲೇ ನಾವು ಯಾರ ತಲೆಯೊಳಗೆ ಕುಳಿತಿದ್ದೇವೆಂದು ಆಟ ಹೇಳಿಬಿಟ್ಟಿರುತ್ತದೆ.

ಮೇಸನ್ ಸೋವಿಯತ್ ಒಕ್ಕೂಟದ ವೊರ್ಕುಟಾ ಶ್ರಮ ಶಿಬಿರದಲ್ಲಿ ಸೆರೆಯಾಗಿದ್ದಾಗ ವಿಕ್ಟರ್ ರೆಜ್ನೊವ್ ಅವನ ಜೊತೆಯಾಗುತ್ತಾನೆ. ಈ ರೆಜ್ನೊವ್ ಆಟಗಾರರಿಗೆ ಹೊಸಬನಲ್ಲ. 2008ರ 'ವರ್ಲ್ಡ್ ಅಟ್ ವಾರ್'ನಲ್ಲಿ ಸ್ಟಾಲಿನ್‌ಗ್ರಾಡ್‌ನಿಂದ ಬರ್ಲಿನ್‌ವರೆಗೆ ನಮ್ಮನ್ನು ನಡೆಸಿಕೊಂಡು ಹೋದವನು ಅವನೇ. ಹಿಂದಿನ ಆಟದಲ್ಲಿ ಗಳಿಸಿದ ಆ ವಿಶ್ವಾಸವನ್ನು ಈ ಆಟ ಬಂಡವಾಳ ಮಾಡಿಕೊಳ್ಳುತ್ತದೆ. ವೊರ್ಕುಟಾದಿಂದ ತಪ್ಪಿಸಿಕೊಳ್ಳುವಾಗ ಹಿಂದೆ ಉಳಿದ ರೆಜ್ನೊವ್, ವಿಯೆಟ್ನಾಮಿನ ಹ್ಯೂ ನಗರದಲ್ಲಿ ಮತ್ತೆ ಕಾಣಿಸಿಕೊಂಡಾಗ ನಮಗೆ ಸಂತೋಷವಾಗುತ್ತದೆಯೇ ಹೊರತು ಅನುಮಾನ ಬರುವುದಿಲ್ಲ. ಅಲ್ಲಿಂದ ಮುಂದೆ ಮೇಸನ್‌ನ ಜೊತೆಗಾರರು ಯಾರೂ ರೆಜ್ನೊವ್‌ನೊಡನೆ ಮಾತಾಡುವುದಿಲ್ಲ, ಅವನ ಮಾತಿಗೆ ತಿರುಗಿಯೂ ನೋಡುವುದಿಲ್ಲ. ಗುಂಡಿನ ಸದ್ದು, ಕಿರುಚಾಟ, ಓಟಗಳ ನಡುವೆ ಇದನ್ನು ಗಮನಿಸುವಷ್ಟು ವ್ಯವಧಾನ ಯಾರಿಗಿರುತ್ತದೆ? ಸುಳಿವನ್ನು ಬಚ್ಚಿಡಲು ಆಟವು ತನ್ನ ಗದ್ದಲವನ್ನೇ ಬಳಸಿಕೊಂಡಿದೆ.

ಗುಟ್ಟು ಒಡೆಯುವುದು ರೀಬರ್ತ್ ದ್ವೀಪದಲ್ಲಿ. ಅರಲ್ ಸಮುದ್ರದಲ್ಲಿ ಸೋವಿಯತ್ ಒಕ್ಕೂಟವು ಜೈವಿಕ ಅಸ್ತ್ರಗಳನ್ನು ಪರೀಕ್ಷಿಸುತ್ತಿದ್ದ ನಿಜವಾದ ದ್ವೀಪವೊಂದರ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿ ಇದಕ್ಕೆ ಇಟ್ಟಿದ್ದಾರೆ. ಮೊದಲು ನಾವು ಮೇಸನ್ ಆಗಿ, ರೆಜ್ನೊವ್‌ನ ಜೊತೆ ಪ್ರಯೋಗಾಲಯವನ್ನು ಹೊಕ್ಕು ವಿಜ್ಞಾನಿ ಸ್ಟೈನರ್‌ನನ್ನು ಹಿಡಿಯುತ್ತೇವೆ. ರೆಜ್ನೊವ್ ತನ್ನ ಹೆಸರನ್ನು ಘೋಷಿಸಿ ಅವನನ್ನು ಕೊಲ್ಲುತ್ತಾನೆ. ಆಮೇಲೆ ಅದೇ ಹೊತ್ತಿಗೆ ಬೇರೆ ದಾರಿಯಿಂದ ಬಂದ ಸಿಐಎ ಅಧಿಕಾರಿ ಹಡ್ಸನ್ ಆಗಿ ಆಡುತ್ತೇವೆ. ಹಡ್ಸನ್ ಓಡಿಬಂದು ಗಾಜಿನಾಚೆ ನೋಡುವಾಗ ಒಳಗೆ ಮೇಸನ್ ಒಬ್ಬನೇ ಇದ್ದಾನೆ, 'ನನ್ನ ಹೆಸರು ವಿಕ್ಟರ್ ರೆಜ್ನೊವ್' ಎಂದು ಕೂಗುತ್ತಾ ಸ್ಟೈನರ್‌ನಿಗೆ ಗುಂಡಿಕ್ಕುತ್ತಿದ್ದಾನೆ. ಒಂದೇ ಕೊಲೆಯನ್ನು ಎರಡು ಜೋಡಿ ಕಣ್ಣುಗಳಿಂದ ತೋರಿಸುವ ಈ ವಿಧಾನ ಬಹಳ ಅಚ್ಚುಕಟ್ಟಾಗಿದೆ. ಯಾರೂ ಬಂದು ವಿವರಿಸಬೇಕಿಲ್ಲ, ಕಣ್ಣು ಬದಲಾಯಿಸಿದರೆ ಸಾಕು, ಸತ್ಯ ಎದುರಿಗಿರುತ್ತದೆ.

ಆದರೂ ಈ ಆಟದ ಬಗ್ಗೆ ನನ್ನದೊಂದು ದೂರಿದೆ. ಮೇಸನ್‌ನ ಕಣ್ಣಿನಿಂದ ನೋಡುವಾಗ ಸ್ಟೈನರ್‌ನನ್ನು ಕೊಲ್ಲುವವನು ರೆಜ್ನೊವ್. ನಾವು ಬರೀ ನೋಡುತ್ತಿರುತ್ತೇವೆ. ಅಂದರೆ ಇಡೀ ವಂಚನೆಯ ನಟ್ಟನಡುವೆ ಇರುವ ಕೊಲೆಯೇ ನಮ್ಮ ಕೈಯಿಂದ ಆಗುವುದಿಲ್ಲ. ಟ್ರಿಗರ್ ಒತ್ತಿದ್ದು ನಾನೇ, ಆದರೆ ನನಗೆ ಬೇರೊಬ್ಬ ಒತ್ತಿದಂತೆ ಕಂಡಿತು ಎನ್ನುವ ಅನುಭವವನ್ನು ಕೊಡುವ ಅವಕಾಶ ಇಲ್ಲಿ ಕೈತಪ್ಪಿಹೋಗಿದೆ. ಮುಂದೆ ಎಲ್ಲ ದೃಶ್ಯಗಳನ್ನೂ ರೆಜ್ನೊವ್ ಇಲ್ಲದೆ ಮತ್ತೊಮ್ಮೆ ತೋರಿಸಿದಾಗ ಆಶ್ಚರ್ಯವಾಗುತ್ತದೆ, ತಪ್ಪಿತಸ್ಥ ಭಾವ ಮಾತ್ರ ಹುಟ್ಟುವುದಿಲ್ಲ. ಮೇಸನ್‌ಗೆ ಮೋಸವಾಯಿತು ಎಂದುಕೊಂಡು ನಾವು ಮುಂದಿನ ಮಿಷನ್‌ಗೆ ಹೋಗಿಬಿಡುತ್ತೇವೆ.

ಆ ಭಾವವನ್ನು ಕೊನೆಯವರೆಗೂ ಬೆನ್ನುಹತ್ತಿದ ಆಟ ಬರ್ಲಿನ್ನಿನ ಯಾಗರ್ ಸಂಸ್ಥೆ 2012ರಲ್ಲಿ ಮಾಡಿದ 'ಸ್ಪೆಕ್ ಆಪ್ಸ್: ದಿ ಲೈನ್'. ಭೀಕರ ಮರಳುಬಿರುಗಾಳಿಗಳು ದುಬೈಯನ್ನು ಹೂತುಹಾಕಿವೆ. ಅಲ್ಲಿನ ಜನರನ್ನು ಹೊರತರಲು ಹೋದ ಕರ್ನಲ್ ಜಾನ್ ಕಾನ್ರಾಡ್ ಮತ್ತು ಅವನ 33ನೇ ಬೆಟಾಲಿಯನ್ ಏನಾಯಿತೆಂದು ತಿಳಿಯಲು ಕ್ಯಾಪ್ಟನ್ ಮಾರ್ಟಿನ್ ವಾಕರ್, ಆಡಮ್ಸ್ ಮತ್ತು ಲೂಗೊ ಎಂಬ ಇಬ್ಬರು ಸೈನಿಕರೊಡನೆ ನಗರದೊಳಗೆ ಹೋಗುತ್ತಾನೆ. ಬದುಕಿದವರಿದ್ದಾರೆಯೇ ಎಂದು ನೋಡಿ, ಸುದ್ದಿ ಮುಟ್ಟಿಸಿ ಹಿಂದಿರುಗುವುದಷ್ಟೇ ಅವರ ಕೆಲಸ. ವಾಕರ್ ಹಿಂದಿರುಗುವುದಿಲ್ಲ. ಇಲ್ಲಿ ಕ್ಯಾಮೆರಾ ವಾಕರ್‌ನ ಹೆಗಲ ಹಿಂದೆ ಇದೆ. ಅವನ ಕಣ್ಣೊಳಗೆ ನಾವಿಲ್ಲ. ಹೊರಗಿನಿಂದ ನೋಡುತ್ತಿರುವುದರಿಂದ ನಮಗೆ ಕಾಣುವುದು ವಸ್ತುನಿಷ್ಠವೆಂದು ಅನಿಸುತ್ತದೆ, ಆ ಅನಿಸಿಕೆಯೇ ಬಲೆ.

ಎಂಟನೆಯ ಅಧ್ಯಾಯದಲ್ಲಿ ದಾರಿಗೆ ಅಡ್ಡವಾಗಿ ದೊಡ್ಡ ಸೈನಿಕ ಶಿಬಿರವೊಂದಿದೆ, ಕೈಗೆ ಸಿಕ್ಕಿರುವುದು ಮನುಷ್ಯರನ್ನು ಸುಟ್ಟುಹಾಕುವ ಬಿಳಿ ರಂಜಕದ ಗುಂಡುಗಳನ್ನು ಎಸೆಯುವ ಮಾರ್ಟರ್ ಫಿರಂಗಿ. ಬೇಡವೆಂದು ಲೂಗೊ ವಾದಿಸುತ್ತಾನೆ, ಬೇರೆ ದಾರಿಯಿಲ್ಲವೆಂದು ವಾಕರ್ ಹೇಳುತ್ತಾನೆ. ಮೇಲಿನಿಂದ ತೆಗೆದ ಬೂದು ಬಣ್ಣದ ಚಿತ್ರದಲ್ಲಿ ಮನುಷ್ಯರು ಬಿಳಿ ಚುಕ್ಕೆಗಳಾಗಿ ಓಡಾಡುತ್ತಿರುತ್ತಾರೆ, ಆ ಪರದೆಯ ಗಾಜಿನಲ್ಲಿ ವಾಕರ್‌ನ ಮುಖ ಪ್ರತಿಫಲಿಸುತ್ತಿರುತ್ತದೆ. ನಾವು ಚುಕ್ಕೆಗಳ ಮೇಲೆ ಗುರಿಯಿಡುತ್ತಾ ಹೋಗುತ್ತೇವೆ. ಕೊನೆಯಲ್ಲಿ ಚುಕ್ಕೆಗಳು ಒತ್ತೊತ್ತಾಗಿ ಗುಂಪುಗೂಡಿರುವ ಕಡೆಯೂ ಬೆಂಕಿ ಬೀಳುತ್ತದೆ. ಆಮೇಲೆ ಆ ಶಿಬಿರದೊಳಗೆ ನಡೆದುಕೊಂಡೇ ಹೋಗಬೇಕು. ಸುಟ್ಟು ನರಳುತ್ತಿರುವ ಸೈನಿಕರನ್ನು ದಾಟಿದ ಮೇಲೆ, ಆ ಗುಂಪು ಆಶ್ರಯಕ್ಕೆಂದು ತಂದಿರಿಸಿದ್ದ ಜನಸಾಮಾನ್ಯರದ್ದೆಂದು ತಿಳಿಯುತ್ತದೆ. ಮಗುವಿನ ಕಣ್ಣಿಗೆ ಕೈ ಅಡ್ಡ ಹಿಡಿದು ಅಪ್ಪಿಕೊಂಡ ಹಾಗೆಯೇ ಸುಟ್ಟುಹೋದ ತಾಯಿಯೊಬ್ಬಳ ಮುಂದೆ ಕ್ಯಾಮೆರಾ ನಿಲ್ಲುತ್ತದೆ.

ವಾಕರ್‌ನ ಆತ್ಮವಂಚನೆ ಇಲ್ಲಿಂದ ಪೂರ್ಣ ಬಲ ಪಡೆಯುತ್ತದೆ. ಅವನು ಒಂದು ರೇಡಿಯೊ ಎತ್ತಿಕೊಳ್ಳುತ್ತಾನೆ, ಅದರಲ್ಲಿ ಕಾನ್ರಾಡ್‌ನ ಧ್ವನಿ ಕೇಳುತ್ತದೆ, ಆ ಧ್ವನಿ ಅವನನ್ನು ಕೆಣಕುತ್ತಾ ಪರೀಕ್ಷಿಸುತ್ತಾ ಹೋಗುತ್ತದೆ. ಒಂದೆಡೆ ಇಬ್ಬರನ್ನು ಕಟ್ಟಿ ನೇತುಹಾಕಲಾಗಿದೆ: ನೀರು ಕದ್ದ ಒಬ್ಬ ಪ್ರಜೆ, ಅವನನ್ನು ಹಿಡಿಯಲು ಹೋಗಿ ಅವನ ಕುಟುಂಬವನ್ನು ಕೊಂದ ಒಬ್ಬ ಸೈನಿಕ. ಒಬ್ಬನನ್ನು ಆರಿಸಿ ಕೊಲ್ಲು ಎಂದು ಕಾನ್ರಾಡ್ ಹೇಳುತ್ತಾನೆ. ಆಟಗಾರರು ಇಲ್ಲಿ ನಿಂತು ನಿಜವಾಗಿಯೂ ಯೋಚಿಸುತ್ತಾರೆ. ಕೆಲವರು ಹಗ್ಗಕ್ಕೆ ಗುರಿಯಿಡುತ್ತಾರೆ, ಕೆಲವರು ಕಾವಲಿಗಿರುವ ಸ್ನೈಪರ್‌ಗಳಿಗೆ. ಕೊನೆಯಲ್ಲಿ ಗೊತ್ತಾಗುವಂತೆ ಅಲ್ಲಿ ನೇತಾಡುತ್ತಿದ್ದದ್ದು ಎರಡು ಹೆಣಗಳು. ರೇಡಿಯೊ ಮೊದಲಿನಿಂದಲೂ ಕೆಟ್ಟಿತ್ತು. ಕಾನ್ರಾಡ್ ಬಹಳ ಹಿಂದೆಯೇ ಸತ್ತು, ಅವನ ದೇಹ ಕುರ್ಚಿಯಲ್ಲೇ ಕೊಳೆತಿತ್ತು. ಬಿಳಿ ರಂಜಕದ ಹೊಣೆಯನ್ನು ಹೊರಲಾರದ ವಾಕರ್, ಅದನ್ನು ಹೊರಿಸಲು ಒಬ್ಬ ಖಳನಾಯಕನನ್ನು ಸೃಷ್ಟಿಸಿಕೊಂಡಿದ್ದ.

ಈ ಆಟದ ಬಗ್ಗೆ ನನಗಿರುವ ಗೌರವಕ್ಕೆ ಕಾರಣ ಅದರ ಸುಳಿವುಗಳು. ವಾಕರ್ ಭ್ರಮೆಗೆ ಒಳಗಾದಾಗ ಅಥವಾ ತನಗೆ ತಾನೇ ಸುಳ್ಳು ಹೇಳಿಕೊಂಡಾಗ ದೃಶ್ಯ ಬಿಳಿಯಾಗಿ ಕರಗುತ್ತದೆ, ಉಳಿದ ಕಡೆ ಕಪ್ಪಾಗಿ ಕರಗುತ್ತದೆ ಎಂದು ಮುಖ್ಯ ಲೇಖಕ ವಾಲ್ಟ್ ವಿಲಿಯಮ್ಸ್ ಹೇಳಿದ್ದಾರೆ. ಇದನ್ನು ತಿಳಿದುಕೊಂಡು ಮತ್ತೆ ಆಡಿದರೆ ಅದು ಬೇರೆಯೇ ಆಟ. ಮೊದಲ ದೃಶ್ಯದ ಹೆಲಿಕಾಪ್ಟರ್ ಹೋರಾಟ ನಡುವಿನಲ್ಲಿ ಮತ್ತೆ ಬಂದಾಗ, ಇದನ್ನು ಮೊದಲೇ ಮಾಡಿದ್ದೇವಲ್ಲ ಎಂದು ವಾಕರ್‌ನೇ ಗೊಂದಲಗೊಳ್ಳುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಮುಂದಿನ ಭಾಗ ತೆರೆದುಕೊಳ್ಳುವವರೆಗೆ ಕಾಣುವ ಲೋಡಿಂಗ್ ಸ್ಕ್ರೀನ್‌ಗಳನ್ನು ನೋಡಬೇಕು. ಆರಂಭದಲ್ಲಿ ಅವು ಎಲ್ಲ ಆಟಗಳಂತೆ ಉಪಯುಕ್ತ ಸಲಹೆಗಳನ್ನು ಕೊಡುತ್ತವೆ. ಹೋಗುತ್ತಾ ಹೋಗುತ್ತಾ ಅದೇ ಜಾಗದಲ್ಲಿ, ಅದೇ ಅಕ್ಷರಗಳಲ್ಲಿ, 'ಈಗಲಾದರೂ ವೀರನೆಂದು ಅನಿಸುತ್ತಿದೆಯೇ?' ಎಂಬ ಪ್ರಶ್ನೆ ಬರುತ್ತದೆ. ಇದೆಲ್ಲ ನಿನ್ನದೇ ತಪ್ಪು ಎಂಬ ಮಾತೂ ಬರುತ್ತದೆ. ಪರದೆಯ ಅಂಚಿನ ನಿರೂಪಕ, ಎಂದೂ ಬಾಯಿ ತಪ್ಪದವನು, ನಮ್ಮ ವಿರುದ್ಧ ತಿರುಗಿಬಿದ್ದಿರುತ್ತಾನೆ.

ಇದರ ಮೇಲಿರುವ ಬಹುದೊಡ್ಡ ಆಕ್ಷೇಪವೂ ನ್ಯಾಯವಾದದ್ದೇ. ಬಿಳಿ ರಂಜಕವನ್ನು ಬಳಸದೆ ಮುಂದೆ ಹೋಗಲು ದಾರಿಯೇ ಇಲ್ಲ. ಬಂದೂಕಿನಿಂದ ಹೋರಾಡುತ್ತೇನೆಂದು ಹಟ ಹಿಡಿದರೆ ಶತ್ರುಗಳು ಮುಗಿಯದಂತೆ ಬರುತ್ತಲೇ ಇರುತ್ತಾರೆ. ಬೇರೆ ಆಯ್ಕೆಯನ್ನೇ ಕೊಡದೆ ಆಮೇಲೆ ತಪ್ಪು ನಿನ್ನದೆಂದು ಹೇಳುವುದು ಯಾವ ನ್ಯಾಯ? ನಾನು ಇದನ್ನು ಹೀಗೆ ಓದಲು ಬಯಸುತ್ತೇನೆ: ಬೇರೆ ದಾರಿಯಿರಲಿಲ್ಲ ಎನ್ನುವುದು ವಾಕರ್‌ನ ಮಾತು, ಮತ್ತು ಆಟ ಆ ಮಾತನ್ನೇ ಅಕ್ಷರಶಃ ಜಾರಿಗೆ ತರುತ್ತದೆ. ಮುಗಿಯದ ಆ ಶತ್ರುಗಳು ತನ್ನನ್ನು ಸಮರ್ಥಿಸಿಕೊಳ್ಳಲು ಅವನು ಸೇರಿಸಿದ ಉತ್ಪ್ರೇಕ್ಷೆ ಇರಬಹುದು. ಆದರೆ ಈ ಓದಿಗೆ ಆ ದೃಶ್ಯದೊಳಗೆ ಸುಳಿವೇನೂ ಇಲ್ಲ ಎನ್ನುವುದನ್ನು ಒಪ್ಪಲೇಬೇಕು. ಸುಳ್ಳು ಹೇಳುವ ಆಟ, ಎಚ್ಚರದಿಂದ ನೋಡಿದವನಿಗೆ ಆ ಸುಳ್ಳನ್ನು ಹಿಡಿಯುವ ಅವಕಾಶ ಕೊಡಬೇಕು. ರೇಡಿಯೊ ವಿಷಯದಲ್ಲಿ ಈ ಆಟ ಅದನ್ನು ಕೊಟ್ಟಿದೆ, ಮಾರ್ಟರ್ ವಿಷಯದಲ್ಲಿ ಕೊಟ್ಟಿಲ್ಲ.

ಅದೇ ಆಟದ ಇನ್ನೊಂದು ದೃಶ್ಯ ಈ ಕೊರತೆಯನ್ನು ನೀಗಿಸುತ್ತದೆ, ನನ್ನ ದೃಷ್ಟಿಯಲ್ಲಿ ಇಡೀ ಆಟದ ಅತ್ಯುತ್ತಮ ಭಾಗವೂ ಅದೇ. ಬದುಕುಳಿದ ಊರಿನ ಜನ ಲೂಗೊನನ್ನು ನೇಣಿಗೆ ಹಾಕಿ ಕೊಂದಿದ್ದಾರೆ. ಅವರು ವಾಕರ್ ಮತ್ತು ಆಡಮ್ಸ್‌ರನ್ನು ಸುತ್ತುವರಿದು ಕಲ್ಲು ಎಸೆಯುತ್ತಿದ್ದಾರೆ, ಗುಂಡು ಹಾರಿಸಲು ಆಡಮ್ಸ್ ಅನುಮತಿ ಕೇಳುತ್ತಿದ್ದಾನೆ. ಪರದೆಯ ಮೇಲೆ ಯಾವ ಸೂಚನೆಯೂ ಇಲ್ಲ, ಒತ್ತಬೇಕಾದ ಗುಂಡಿಯ ಹೆಸರೂ ಇಲ್ಲ. ಗುಂಪಿನ ಮೇಲೆ ಗುಂಡು ಹಾರಿಸಿದವರು ಬಹಳ ಮಂದಿ, ಏಕೆಂದರೆ ಅಷ್ಟು ಹೊತ್ತಿಗೆ ಕೈಗೆ ಅದೊಂದೇ ಅಭ್ಯಾಸವಾಗಿರುತ್ತದೆ. ಆದರೆ ಬಂದೂಕನ್ನು ಮೇಲೆತ್ತಿ ಗಾಳಿಯಲ್ಲಿ ಒಂದು ಗುಂಡು ಹಾರಿಸಿದರೆ ಜನ ಚದುರಿ ಓಡಿಹೋಗುತ್ತಾರೆ, ಯಾರೂ ಸಾಯುವುದಿಲ್ಲ, ಆಟ ಸುಮ್ಮನೆ ಮುಂದುವರಿಯುತ್ತದೆ. ಇಲ್ಲಿ ವಾಕರ್‌ನ ಕಥೆಯಾಗಲಿ ಅಂಚಿನ ನಿರೂಪಕನಾಗಲಿ ನಮ್ಮ ಬದಲಿಗೆ ಮಾತಾಡುವುದಿಲ್ಲ, ಹಾಗಾಗಿ ಇಲ್ಲಿ ಮಾಡಿದ್ದನ್ನು ಯಾರ ಮೇಲೂ ಹಾಕಲು ಬರುವುದಿಲ್ಲ.

2024ರ ಜನವರಿಯಲ್ಲಿ, ಪರವಾನಗಿಗಳ ಅವಧಿ ಮುಗಿದ ಕಾರಣಕ್ಕೆ 'ಸ್ಪೆಕ್ ಆಪ್ಸ್: ದಿ ಲೈನ್' ಆನ್‌ಲೈನ್ ಅಂಗಡಿಗಳಿಂದ ಮಾಯವಾಯಿತು. ಮೊದಲೇ ಕೊಂಡವರು ಈಗಲೂ ಇಳಿಸಿಕೊಂಡು ಆಡಬಹುದು, ಹೊಸಬರು ಹಳೆಯ ಡಿಸ್ಕ್‌ಗಳನ್ನು ಹುಡುಕಬೇಕು. ಇಷ್ಟು ಎಚ್ಚರದಿಂದ ಹೆಣೆದ ಕೃತಿಯೊಂದು ಹೀಗೆ ಕೈಗೆಟುಕದಂತಾಗಿರುವುದು ನನಗೆ ನೋವಿನ ವಿಷಯ. ನಿಮ್ಮ ಬಳಿ ಅದರ ಪ್ರತಿ ಇದ್ದು, ಒಮ್ಮೆ ಆಡಿ ಬದಿಗಿಟ್ಟಿದ್ದರೆ, ದಯವಿಟ್ಟು ಮತ್ತೆ ತೆಗೆಯಿರಿ. ಈ ಸಲ ಗುಂಡಿನ ಕಾಳಗಗಳ ಬಗ್ಗೆ ತಲೆಕೆಡಿಸಿಕೊಳ್ಳದೆ ಅತ್ಯಂತ ಸುಲಭದ ಹಂತದಲ್ಲಿ ಆಡಿ, ರೇಡಿಯೊದಲ್ಲಿ ಕಾನ್ರಾಡ್ ಮಾತಾಡುವಾಗಲೆಲ್ಲ ಆಡಮ್ಸ್ ಮತ್ತು ಲೂಗೊ ಏನು ಮಾಡುತ್ತಿದ್ದಾರೆಂದು ನೋಡಿ.